ವೈದ್ಯಗ್ರಂಥಗಳಲ್ಲಿ ಮೇದೋಗ್ರಂಥಿ: ಲಕ್ಷಣ ಮತ್ತು ಶಸ್ತ್ರಚಿಕಿತ್ಸೆ

ಓಲೆಗರಿಗಳನ್ನು ಅರಸುತ್ತ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಸುತ್ತಣ ಊರುಗಳಿಗೆ ಹೋದಾಗ, ವೈದ್ಯದ ಕಟ್ಟು ದೊರೆತೊಡನೆ ಮನೆಯವರು ಕೇಳುವ ಪ್ರಶ್ನೆಯೊಂದುಂಟು: ಬೆನ್ನಿನ ಮೇಲೋ ತಲೆಯಲ್ಲೋ ಎದ್ದ ನೋವಿಲ್ಲದ ಗಂಟಿಗೆ ಇದರಲ್ಲಿ ಮದ್ದಿದೆಯೆ? ಹೀಗೆ ಕೇಳಿದ ವೃದ್ಧರೊಬ್ಬರು ಆಗಲೇ ಸುಣ್ಣಬೆಲ್ಲ ಹಚ್ಚಿ ಚರ್ಮವನ್ನು ಸುಟ್ಟುಕೊಂಡಿದ್ದರು. ಅಲ್ಲಿ ಓದಿ ಹೇಳುವವನ ಮಾತಿಗೂ ವೈದ್ಯನ ಮಾತಿನ ಬೆಲೆ ಬರುವುದರಿಂದ ಈ ವಿಷಯವನ್ನು ವಿವರಿಸುವುದು ಉಚಿತ.

ಗ್ರಂಥಿಯೆಂದರೆ ಇಲ್ಲಿ ಬರಿಯ ಗಂಟು. ಕರ್ಮಶಾಸ್ತ್ರದ ಗ್ರಂಥಿಯಲ್ಲ, ಇಂದಿನ ಪಠ್ಯಪುಸ್ತಕಗಳ ರಸಸ್ರಾವಕ ಗ್ರಂಥಿಯೂ ಅಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ಮೇದೋಜ ಗ್ರಂಥಿಯನ್ನು ನುಣುಪಾದದ್ದು, ಅಲ್ಪವೇದನೆಯುಳ್ಳದ್ದು, ಒಡೆದರೆ ಎಳ್ಳಿನ ಹಿಂಡಿ ಹಾಗೂ ತುಪ್ಪವನ್ನು ಹೋಲುವ ದ್ರವ್ಯ ಹೊರಬರುವಂಥದ್ದು ಎಂದು ವರ್ಣಿಸುತ್ತದೆ. ಹೋಲಿಕೆ ಕಣ್ಣಾರೆ ಕಂಡವರದು. ಆದರೆ ಚರ್ಮದ ಇಂಥ ಬಹುತೇಕ ಗಂಟುಗಳೊಳಗಿನದು ಮೇದಸ್ಸಲ್ಲ. ಚರ್ಮದ ಮೇಲ್ಪದರದ ಜೀವಕೋಶಗಳು ಒಳಗೆ ಚೀಲವಾಗಿ ರೂಪುಗೊಂಡು ಕೆರಾಟಿನ್ ಎಂಬ ದ್ರವ್ಯವನ್ನು ತುಂಬುತ್ತ ಹೋಗುತ್ತವೆ. ಗಂಟಿನ ನೆತ್ತಿಯಲ್ಲಿ ಹಲವು ವೇಳೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ನಿಜವಾದ ಕೊಬ್ಬಿನ ಗಂಟು ಬೇರೆಯೇ. ಪ್ರಾಚೀನರು ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿದಂತೆ ತೋರುತ್ತದೆ.

ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯದ ಎರಡು ವಿಧಿಗಳು ಮುಖ್ಯವಾದವು. ಮರ್ಮಸ್ಥಾನದಲ್ಲಿಲ್ಲದ, ಮದ್ದಿಗೆ ಶಮನವಾಗದ ಗ್ರಂಥಿಯನ್ನು ಅಪಕ್ವವಾಗಿರುವಾಗಲೇ ಸೀಳಿ ತೆಗೆಯಬೇಕೆಂಬುದು ಒಂದು. ಅರ್ಬುದವನ್ನು ಶೇಷವುಳಿಸಿ ತೆಗೆದರೆ ಅದು ಬೇಗನೆ ಮರಳಿ ಬೆಳೆಯುವುದೆಂಬುದು ಇನ್ನೊಂದು. ಮೊದಲನೆಯದರಲ್ಲಿ ‘ಅಪಕ್ವ’ದ ಅಕಾರವು ಹಿಂದಿನ ಮಕಾರದೊಡನೆ ಕೂಡಿ ನಿಲ್ಲುತ್ತದೆ. ಲಿಪಿಕಾರನು ಅಲ್ಲಿ ಸೊನ್ನೆಯಿಟ್ಟು ‘ಪಕ್ವ’ವೆಂದು ಬರೆದರೆ ವಿಧಿಯೇ ತಲೆಕೆಳಗಾಗುತ್ತದೆ! ಶ್ಲೋಕದಲ್ಲಾದರೆ ಒಂದಕ್ಷರ ಕುಂದಿ ಛಂದಸ್ಸು ತಪ್ಪನ್ನು ಹಿಡಿದುಕೊಡುತ್ತದೆ. ಕನ್ನಡ ಗದ್ಯಟೀಕೆಗೆ ಆ ಕಾವಲಿಲ್ಲ. ಅಂಥ ಸ್ಥಳದಲ್ಲಿ ಮೂಲವನ್ನು ನೋಡದೆ ಪಾಠವನ್ನು ನಿರ್ಣಯಿಸುವುದು ಸಾಹಸವೇ ಸರಿ.

ನಮ್ಮ ಪರಂಪರೆಯಲ್ಲಿ ಶಲ್ಯತಂತ್ರವನ್ನು ಹೇಳಿದವರು ಪಾತ್ರಸ್ವಾಮಿಗಳೆಂದು ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಸ್ಮರಿಸುತ್ತಾರೆ. ಆ ಕೃತಿ ಉಪಲಬ್ಧವಿಲ್ಲ. 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳನ್ನು ಔಷಧದಿಂದ ವರ್ಜಿಸಿರುವುದು ವಿದಿತವೇ ಆಗಿದೆ.

ಇಂದಿನ ಶಸ್ತ್ರವೈದ್ಯವೂ ಆ ಎರಡು ಮಾತುಗಳನ್ನೇ ಆಚರಿಸುತ್ತದೆ. ಗಂಟು ಕೆಂಪಾಗಿ ಬಾತಿರುವಾಗ ಚೀಲವು ಸುತ್ತಲ ಮಾಂಸಕ್ಕೆ ಅಂಟಿಕೊಂಡು ಸುಲಭವಾಗಿ ಬಿರಿಯುವುದರಿಂದ, ಆಗ ಅದನ್ನು ಇಡಿಯಾಗಿ ಬಿಡಿಸುವುದು ಕಷ್ಟ. ಕೀವಾಗಿದ್ದರೆ ಸೀಳಿ ಹೊರಬಿಟ್ಟು, ಉರಿಯೂತ ಇಳಿದು ಕೆಲವು ವಾರಗಳಾದ ಮೇಲೆ ಗಂಟನ್ನು ತೆಗೆಯುತ್ತಾರೆ. ಗಂಟಿನ ಸುತ್ತ ಅರಿವಳಿಕೆಯ ಚುಚ್ಚುಮದ್ದು ಕೊಟ್ಟು, ಕಪ್ಪು ಚುಕ್ಕೆಯನ್ನು ಒಳಗೊಂಡಂತೆ ಚರ್ಮವನ್ನು ಕೊಯ್ದು, ಚೀಲವನ್ನು ಇಡಿಯಾಗಿ ಬಿಡಿಸಿ ಹೊಲಿಯುತ್ತಾರೆ. ರೋಗಿ ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಹಿಸುಕಿದರೆ ಒಳಗಿನದು ಹೊರಬಂದರೂ ಚೀಲ ಉಳಿಯುತ್ತದೆ, ಗಂಟು ಮರಳುತ್ತದೆ. ತೊಂದರೆ ಕೊಡದ ಗಂಟನ್ನು ತೆಗೆಯಲೇಬೇಕೆಂದಿಲ್ಲ. ಆದರೆ ಬೇಗ ಬೆಳೆಯುವ, ಗಟ್ಟಿಯಾದ, ಅಲುಗದ, ರಕ್ತ ಸೋರುವ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ತೆಗೆದದ್ದನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೂ ಕಳುಹಿಸಬೇಕು. ಶಿಶುವಿನ ಮೂಗಿನ ನಡುಗೆರೆಯ ಗಂಟಿಗೆ ಕೆಲವೊಮ್ಮೆ ತಲೆಬುರುಡೆಯ ಒಳಗಿನ ಸಂಬಂಧವಿರುತ್ತದೆ. ಒಳಚಿತ್ರ ತೆಗೆಸಿ ನೋಡದೆ ಅದನ್ನು ಕೊಯ್ಯಲಾಗದು.

ಆ ವೃದ್ಧರಿಗೆ, ಸುಟ್ಟ ಗಾಯವನ್ನು ಮೊದಲು ಮಾಯಿಸಿಕೊಂಡು ಅನಂತರ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಟನ್ನು ತೋರಿಸಿರೆಂದು ಹೇಳಿದೆನು. ಅವರ ಕಟ್ಟಿನಲ್ಲಿ ಗ್ರಂಥಿಚಿಕಿತ್ಸೆಯ ಗರಿಗಳು ಇರಲೇ ಇಲ್ಲ.