ಮಸ್ಜಿದಿನ ಕಮಾನು, ಮಕ್ಕಳ ಕೈಯ ಕ್ಯಾಮೆರಾ

ಮೊಬೈಲ್ ಬಂದ್ ಮಾಡಿ ಎಂದು ಇಮಾಮ್ ಸಾಹೇಬರು ನೆನಪಿಸದ ಜುಮಾ ಈಗ ಅಪರೂಪ. ಅವರ ಮಾತು ಸರಿಯೇ. ಆದರೆ ನಮಾಝ್ ಮುಗಿದು ಮಸ್ಜಿದ್ ಖಾಲಿಯಾದ ಮೇಲೆ ಅದೇ ಮೊಬೈಲಿನಿಂದ ಮಕ್ಕಳಿಗೆ ಒಂದು ಒಳ್ಳೆಯ ಪಾಠ ಹೇಳಿಕೊಡಬಹುದು ಎಂದು ನಮಗೆ ಅನಿಸುತ್ತದೆ. ತಲೆಯ ಮೇಲಿರುವ ಕಮಾನನ್ನು ನೋಡಲು ಕಲಿಸುವ ಪಾಠ ಅದು.

ಮೊದಲು ಒಂದು ಸಂದೇಹ. ಚಿತ್ರ ಬಿಡಿಸುವುದು, ಫೋಟೋ ತೆಗೆಯುವುದು ದೀನ್‌ಗೆ ಒಪ್ಪುವುದೇ ಎಂದು ಕೇಳುವ ತಾಯಂದಿರಿದ್ದಾರೆ. ಜೀವವಿರುವವುಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ನಿಮ್ಮ ಊರಿನ ಆಲಿಮರಲ್ಲೇ ಕೇಳಿ. ಚಿತ್ರ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬರು ಇಬ್ನ್ ಅಬ್ಬಾಸ್(ರ)ರ ಬಳಿ ಬಂದಾಗ, ಬಿಡಿಸಲೇಬೇಕಾದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬಿಡಿಸುವಂತೆ ಅವರು ದಾರಿ ತೋರಿಸಿದ ವರದಿ ಬುಖಾರಿಯಲ್ಲಿದೆ. ಕಲ್ಲಿನ ಕಮಾನು ಈ ಸಾಲಿಗೆ ಸೇರುತ್ತದೆ. ಮುಸ್ಲಿಮ್ ಕುಶಲಕರ್ಮಿಗಳು ಗೆರೆ, ಬಳ್ಳಿ, ಅಕ್ಷರಗಳಲ್ಲಿ ಅಷ್ಟೊಂದು ಕೈ ಪಳಗಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಕಮಾನು ಪಾರಸಿಯಿಂದ ಕನ್ನಡಕ್ಕೆ ಬಂದ ಮಾತು. ಅಲ್ಲಿ ಅದಕ್ಕೆ ಬಿಲ್ಲು ಎಂದರ್ಥ. ಕಲ್ಲುಕಂಬದ ಹಳೆಯ ಮಂಟಪಗಳನ್ನು ನೋಡಿ: ಕಂಬದಿಂದ ಕಂಬಕ್ಕೆ ತೊಲೆ, ಅದರ ಮೇಲೆ ಚಪ್ಪಡಿ. ಕಲ್ಲು ಒತ್ತಡವನ್ನು ತಡೆದೀತು, ಬಾಗುವುದನ್ನು ತಡೆಯದು. ಹಾಗಾಗಿ ತೊಲೆ ಉದ್ದವಾದರೆ ನಡುವೆ ಬಿರುಕು ಬಿಡುತ್ತದೆ. ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕು. ಕಮಾನಿನಲ್ಲಿ ಉದ್ದದ ಕಲ್ಲೇ ಬೇಕಿಲ್ಲ. ಬೆಣೆಯಂತೆ ಕೆತ್ತಿದ ಸಣ್ಣ ಕಲ್ಲುಗಳು ಸಾಕು. ಪ್ರತಿಯೊಂದು ಕಲ್ಲೂ ಕೆಳಗೆ ಬೀಳಲು ನೋಡುತ್ತದೆ, ಅಕ್ಕಪಕ್ಕದ ಕಲ್ಲುಗಳು ಬೀಳಗೊಡುವುದಿಲ್ಲ. ನೆತ್ತಿಯ ಕೊನೆಯ ಕಲ್ಲು ಕೂರುವವರೆಗೆ ಕೆಳಗೆ ಮರದ ಆಸರೆ ಇರಬೇಕು. ಅದು ಕೂತ ಮೇಲೆ ಆಸರೆ ತೆಗೆಯಬಹುದು. ಸತ್ಯವಿಶ್ವಾಸಿಗಳನ್ನು ಒಂದನ್ನೊಂದು ಬಲಪಡಿಸುವ ಕಟ್ಟಡಕ್ಕೆ ಹೋಲಿಸಿ ಪ್ರವಾದಿವರ್ಯರು(ಸ) ಎರಡೂ ಕೈಗಳ ಬೆರಳುಗಳನ್ನು ಹೆಣೆದು ತೋರಿಸಿದ ಹದೀಸನ್ನು ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮಗುವನ್ನು ಕಮಾನಿನ ಕೆಳಗೆ ನಿಲ್ಲಿಸಿ ಆ ಹದೀಸನ್ನು ಹೇಳಿ ನೋಡಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ಇದಕ್ಕಾಗಿ ದೂರ ಹೋಗಬೇಕಿಲ್ಲ. ಹಾಗಲವಾಡಿ ಕಡೆಯ ಕುಟುಂಬಗಳು ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರದಲ್ಲಿ, ನಮ್ಮದೇ ಜಿಲ್ಲೆಯಲ್ಲಿ ಶಿರಾ ಇದೆ. 1687ರಲ್ಲಿ ಮೊಗಲರು ಈ ಕಡೆಯ ಸುಬಾ ಮಾಡಿಕೊಂಡಾಗ ಶಿರಾ ಅದರ ರಾಜಧಾನಿಯಾಯಿತು. ಅಲ್ಲಿನ ಜಾಮಿಯಾ ಮಸ್ಜಿದ್ 1696ರದು, ಕೆತ್ತಿದ ಕಲ್ಲಿನದು. ಬಿಜಾಪುರದವರ ಕಾಲದ ಮಲಿಕ್ ರೈಹಾನರ ಗುಂಬಜ್ ಅದಕ್ಕಿಂತಲೂ ಹಳೆಯದು. ನೂರಾರು ಕಿಲೋಮೀಟರ್ ದೂರದ ಕಟ್ಟಡಗಳನ್ನು ಫೋನಿನಲ್ಲಿ ನೋಡಿ ಬೆರಗಾಗುವ ನಾವು ಇವೆರಡನ್ನು ಬಸ್ಸಿನ ಕಿಟಕಿಯಿಂದಲೂ ಹುಡುಕುವುದಿಲ್ಲ.

ಇನ್ನೂ ಮುಂದೆ ಹೋಗಬಲ್ಲವರಿಗೆ ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸ್ಜಿದ್ ಇದೆ. ಸಾಮಾನ್ಯವಾಗಿ ಬಯಲಾಗಿರುವ ಅಂಗಳಕ್ಕೂ ಅಲ್ಲಿ ಚಾವಣಿ ಹಾಕಿದ್ದಾರೆ. ಬದಿಯ ಓಣಿಗಳಲ್ಲಿ ಕುಳ್ಳನೆಯ ಕಂಬಗಳ ಮೇಲೆ ಬಲು ಅಗಲದ ಕಮಾನುಗಳು, ಒಂದರೊಳಗೆ ಒಂದು ಇಟ್ಟಂತೆ ದೂರದವರೆಗೆ ಕಾಣುತ್ತವೆ. ಕರ್ನಾಟಕದಲ್ಲಿ ಕ್ಯಾಮೆರಾ ಹಿಡಿದವನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಿಜಾಪುರದ ಗೋಲ್ ಗುಂಬಜ್‌ನಲ್ಲಿ ಪಿಸುಮಾತು ಕೇಳಿಸಿಕೊಂಡು ಬರುವವರೇ ಹೆಚ್ಚು. ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಡ್ಡಗಲದ ಆ ದುಂಡು ಗುಮ್ಮಟ ಚೌಕಾಕಾರದ ಹಜಾರದ ಮೇಲೆ ಹೇಗೆ ಕೂತಿದೆ ಎಂದು ತಲೆಯೆತ್ತಿ ನೋಡುವವರು ಕಡಿಮೆ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಚೌಕವನ್ನು ಎಂಟು ಮೂಲೆಯಾಗಿಸಿ, ಮೂಲೆಗಳನ್ನು ದುಂಡಿಗೆ ತಂದು ನಿಲ್ಲಿಸಿವೆ.

ಮನೆಯಲ್ಲೇ ಕಮಾನು ಬರೆಯಿಸಿ. ಕಾಗದದ ಮೇಲೆ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಪೆನ್ಸಿಲ್‌ಗೆ ಅಷ್ಟೇ ಉದ್ದದ ದಾರ ಕಟ್ಟಿ, ದಾರದ ತುದಿಯನ್ನು ಗೆರೆಯ ಎಡ ಕೊನೆಯಲ್ಲಿ ಒತ್ತಿ ಹಿಡಿದು ಬಲ ಕೊನೆಯಿಂದ ಮೇಲಕ್ಕೆ ಗೀಚಿ. ಆಮೇಲೆ ಬಲ ಕೊನೆಯಲ್ಲಿ ಹಿಡಿದು ಎಡದಿಂದ ಗೀಚಿ. ಎರಡು ಗೆರೆ ಕೂಡಿದಲ್ಲಿ ಚೂಪು ನೆತ್ತಿಯ ಕಮಾನು ಸಿದ್ಧ. ಒತ್ತಿ ಹಿಡಿಯುವ ಜಾಗಗಳನ್ನು ನಡುವಿಗೆ ಸರಿಸುತ್ತ, ದಾರವನ್ನೂ ಅಷ್ಟಷ್ಟೇ ಗಿಡ್ಡ ಮಾಡುತ್ತ ಹೋದರೆ ಕಮಾನು ತಗ್ಗುತ್ತದೆ. ಎರಡೂ ನಡುವಿನ ಚುಕ್ಕೆಯಲ್ಲಿ ಕೂಡಿದರೆ ಅರ್ಧ ವೃತ್ತ. ಹತ್ತನೆಯ ತರಗತಿಯ ರೇಖಾಗಣಿತಕ್ಕೆ ಹೆದರುವ ಮಕ್ಕಳೂ ಇದನ್ನು ಖುಷಿಯಿಂದ ಮಾಡುತ್ತಾರೆ.

ಫೋಟೋ ತೆಗೆಯುವಾಗ ಕಮಾನಿನ ನಟ್ಟನಡುವೆ ನಿಂತು ಫೋನನ್ನು ನೆಟ್ಟಗೆ ಹಿಡಿಯಿರಿ. ಮೇಲಕ್ಕೆ ವಾಲಿಸಿದರೆ ಕಂಬಗಳು ಒಳಕ್ಕೆ ಬಿದ್ದಂತೆ ಕಾಣುತ್ತವೆ; ಹಿಂದಕ್ಕೆ ಸರಿದು ತೆಗೆಯುವುದು ಮೇಲು. ನಡು ಮಧ್ಯಾಹ್ನ ಬೇಡ, ಬೆಳಿಗ್ಗೆ ಅಥವಾ ಅಸರ್ ನಂತರದ ಓರೆ ಬಿಸಿಲು ಕಲ್ಲಿನ ಉಳಿಗುರುತನ್ನೂ ತೋರಿಸುತ್ತದೆ. ನಮಾಝ್ ಮಾಡುತ್ತಿರುವವರ, ದುಆ ಮಾಡುತ್ತಿರುವವರ ಫೋಟೋ ತೆಗೆಯಬಾರದು, ಮುತವಲ್ಲಿಯವರ ಅನುಮತಿ ಕೇಳದೆ ಒಳಗೆ ಕ್ಯಾಮೆರಾ ಒಯ್ಯಬಾರದು, ಗೋರಿಗೆ ಒರಗಿ ಸೆಲ್ಫಿಯಂತೂ ಬೇಡವೇ ಬೇಡ.

ಇಷ್ಟೆಲ್ಲ ಈಗಲೇ ಹೇಳಲು ಕಾರಣವಿದೆ. ಜಮಾಅತ್ ಬೆಳೆದು ಜುಮಾಕ್ಕೆ ಸಫ್ ಹಾಕಲು ಜಾಗ ಸಾಲದೆ, ಊರೂರಲ್ಲಿ ಹಳೆಯ ಮಸ್ಜಿದ್ ಕೆಡವಿ ಆರ್‌ಸಿಸಿ ಮಹಡಿ ಕಟ್ಟುತ್ತಿದ್ದೇವೆ. ಬಿಸಿಲಲ್ಲಿ ನಿಂತು ನಮಾಝ್ ಮಾಡುವವರಿಗೆ ನೆರಳು ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ಸುಣ್ಣಗಾರೆಯ ಮಿಹ್ರಾಬ್ ಒಂದು ಬೆಳಗಿನಲ್ಲಿ ಟ್ರಾಕ್ಟರ್ ಸೇರುತ್ತದೆ, ಹೇಗಿತ್ತೆಂದು ತೋರಿಸಲು ಮನೆಗಳಲ್ಲಿ ಒಂದು ಚಿತ್ರವೂ ಉಳಿದಿರುವುದಿಲ್ಲ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಬಿಜಾಪುರದ ಕಟ್ಟಡಗಳ ಫೋಟೋ ತೆಗೆದರು; 1866ರಲ್ಲಿ ಅವು ಪುಸ್ತಕವಾದವು, ಅದಕ್ಕೆ ಬರೆದವರಲ್ಲಿ ಸುರಪುರದ ಟೇಲರ್ ಸಾಹೇಬರೂ ಒಬ್ಬರು. ಆ ಕಟ್ಟಡಗಳು ಆಗ ಹೇಗಿದ್ದವೆಂದು ಇಂದು ನೋಡಬಹುದಾದರೆ ಅದು ಆ ಫೋಟೋಗಳಿಂದ.

ಕೆಡಹುವ ತೀರ್ಮಾನವಾದ ಕಡೆ, ಗುದ್ದಲಿ ಬೀಳುವ ಮುಂಚೆ ಹುಡುಗರಿಗೆ ಒಂದು ವಾರ ಕೊಡಿ ಎಂದು ಕಮಿಟಿಗಳನ್ನು ಕೇಳುತ್ತೇವೆ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಲಿ, ಟೇಪ್ ಹಿಡಿದು ಪ್ರತಿ ಕಮಾನಿನ ಅಗಲ, ಎತ್ತರ, ಗೋಡೆಯ ದಪ್ಪ ಅಳೆಯಲಿ. ಫೋಟೋಗಳನ್ನು ಕಾಗದದ ಮೇಲೆ ಹಾಕಿಸಿ, ಹಿಂದೆ ಊರು, ತಾರೀಖು, ಅಳತೆ ಬರೆದು, ಒಂದು ಪ್ರತಿಯನ್ನು ಮಸ್ಜಿದಿನ ದಫ್ತರಿನಲ್ಲೂ ಇನ್ನೊಂದನ್ನು ಅಳೆದ ಹುಡುಗರ ಮನೆಯಲ್ಲೂ ಇಡಿ.