ಲಕೋಟೆಯಲ್ಲಿ ಬಂದ ತೆನೆ ಹಬ್ಬ

ಸೆಪ್ಟೆಂಬರ್ 8 ಬಂತೆಂದರೆ ಮಂಗಳೂರು ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ಮೊಂತಿ ಫೆಸ್ತ್ ಸಡಗರ. ಮೇರಿ ಮಾತೆಯ ಹುಟ್ಟುಹಬ್ಬವೂ ಹೌದು, ಹೊಸ ಬೆಳೆಗಾಗಿ ದೇವರಿಗೆ ಥ್ಯಾಂಕ್ಸ್ ಹೇಳುವ ತೆನೆ ಹಬ್ಬವೂ ಹೌದು. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲೆ ಮೇರಿಯ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚ್‌ನಲ್ಲಿ ಆಶೀರ್ವದಿಸಿದ ತೆನೆಯನ್ನು ಕುಟುಂಬಗಳಿಗೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಪ್ರಾರ್ಥನೆಯಾದ ಮೇಲೆ ಹೊಸ ಅಕ್ಕಿಕಾಳನ್ನು ಪುಡಿ ಮಾಡಿ, ತೆಂಗಿನ ಹಾಲಿಗೆ ಬೆರೆಸಿ ಎಲ್ಲರೂ ಸೇವಿಸಬೇಕು. ಆಮೇಲೆ ಬಾಳೆ ಎಲೆ ಊಟ. ಅವತ್ತು ಮೀನು, ಮಾಂಸಕ್ಕೆ ರಜೆ!

ನಮ್ಮ ಗದ್ದೆ ಮಾರಿ ವರ್ಷಗಳೇ ಆದವು. ನಾನು ಬೆಂಗಳೂರಲ್ಲಿ, ತಮ್ಮ ದುಬೈಯಲ್ಲಿ. ಆದರೂ ಅಮ್ಮ ಪ್ರತಿ ವರ್ಷ ಲಕೋಟೆಯಲ್ಲಿ ತೆನೆ ಕಳಿಸ್ತಾರೆ.

“ಗದ್ದೆಯೇ ಇಲ್ಲ, ಇದೆಲ್ಲ ಯಾಕಮ್ಮ?” ಅಂತ ಒಮ್ಮೆ ಕೇಳಿದ್ದೆ.

“ದಿನಾ ಅನ್ನ ಉಣ್ತೀಯಲ್ಲ ಮಗಾ, ಅದು ಯಾರದೋ ಗದ್ದೆಯದ್ದೇ ಅಲ್ವಾ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಲಕೋಟೆ ತಲುಪಿದ ಸಂಜೆ ರೂಮ್‌ಮೇಟ್‌ಗಳನ್ನೂ ಕೂರಿಸಿಕೊಂಡು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಅಲ್ಲಿಂದಲೇ ಪ್ರಾರ್ಥನೆ ಹೇಳಿದರು. ಒಬ್ಬೊಬ್ಬರಿಗೂ ಸಿಕ್ಕಿದ್ದು ಒಂದೇ ಚಮಚ. ಹಬ್ಬಕ್ಕೆ ಅಷ್ಟು ಸಾಕಾಯಿತು.