ಖಾತರಿ ಚೀಟಿಗೆ ಖಾತರಿ ಯಾರು?

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಮಾಲು ನೋಡದೆ ಬೆಲೆ ಕೂಗುವವರಿಲ್ಲ. ಪೆಂಟಿಯ ಬಣ್ಣ ನೋಡಿ, ಗಟ್ಟಿತನ ನೋಡಿ, ಬೇಕೆನಿಸಿದರೆ ಚೂರು ಮುರಿದು ಬಾಯಿಗೆ ಹಾಕಿಕೊಂಡ ಮೇಲೆಯೇ ವರ್ತಕರು ಸವಾಲಿಗೆ ನಿಲ್ಲುತ್ತಾರೆ. ನೇಕಾರರಿಂದ ಸೀರೆ ಕೊಳ್ಳುವವರದೂ ಇದೇ ರೀತಿ. ಮಡಿಕೆ ಬಿಚ್ಚಬೇಕು, ಸೆರಗು ಹರವಬೇಕು, ಅಂಚಿನಲ್ಲಿ ಎಳೆ ತಪ್ಪಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಎರಡೂ ವ್ಯಾಪಾರದಲ್ಲಿ ಪರೀಕ್ಷೆ ನಡೆಯುವುದು ಹಣ ಕೈ ಬದಲಿಸುವ ಮೊದಲು, ಕೊಡುವವನ ಮತ್ತು ಕೊಳ್ಳುವವನ ಕಣ್ಣೆದುರಿಗೆ.

ಇದೇ ಊರಿನವರು ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಈ ತಲೆತಲಾಂತರದ ಜಾಣತನ ಯಾವ ಉಪಯೋಗಕ್ಕೂ ಬಾರದು. ನಲವತ್ತೋ ಐವತ್ತೋ ಸಾವಿರ ರೂಪಾಯಿ ಎಣಿಸಿ ಕೊಟ್ಟು ಮನೆಗೆ ತಂದ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂಬುದು ಕೊಂಡವರಿಗೂ ಗೊತ್ತಿಲ್ಲ, ಮಾರಿದ ಅಂಗಡಿಯವರಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ: ಪೆಟ್ಟಿಗೆಯೊಳಗೆ ಒಂದು ವರ್ಷದ ವಾರಂಟಿಯ ಚೀಟಿ ಇದೆ. ಆ ಚೀಟಿಯ ಮೇಲಿನ ನಂಬಿಕೆಯಿಂದಲೇ ವ್ಯಾಪಾರ ಕುದುರುತ್ತದೆ.

2020ರ ಕೊರೋನಾ ಕಾಲದಲ್ಲಿ ಪಾಠಪ್ರವಚನ ಮನೆಯೊಳಗೆ ಬಂದ ಮೇಲಂತೂ ಈ ಯಂತ್ರ ಅನುಕೂಲಸ್ಥರ ಸೊತ್ತಾಗಿ ಉಳಿಯಲಿಲ್ಲ. ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ದಲಾಲಿ ಅಂಗಡಿಯ ಲೆಕ್ಕ ಬರೆಯುವವರು, ಫೋಟೋ ಸ್ಟುಡಿಯೋದವರು, ಎಲ್ಲರಿಗೂ ಅದು ಬೇಕಾಯಿತು. ಕಬ್ಬಿನ ಬಿಲ್ಲಿನ ಹಣದಲ್ಲಿಯೋ ಕೈಗಡದಲ್ಲಿಯೋ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ ತಂದೆಗೆ ಅದು ಕೆಟ್ಟು ನಿಂತ ದಿನ ಹೋಗುವುದು ಯಂತ್ರವೊಂದೇ ಅಲ್ಲ. ಮಗಳ ಪರೀಕ್ಷೆಯೂ ಅದರ ಜೊತೆಗೇ ಹೋಗುವ ಭಯ.

ಮುಚ್ಚಿದ ಬಾಗಿಲ ಹಿಂದಿನ ತೀರ್ಪು

ಕಂಪನಿಯ ಅಧಿಕೃತ ಸೇವಾ ಕೇಂದ್ರ ಬೇಕೆಂದರೆ ಈ ಭಾಗದ ಜನ ಸಾಮಾನ್ಯವಾಗಿ ಬೆಳಗಾವಿಯ ಕಡೆಗೋ ಹುಬ್ಬಳ್ಳಿಯ ಕಡೆಗೋ ಮುಖ ಮಾಡಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಯಂತ್ರವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬಂದರೆ ವಾರದ ಮೇಲೆ ಫೋನು ಬರುತ್ತದೆ. ಮತ್ತೆ ಹೋದಾಗ ಕೌಂಟರಿನಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

“ಸರ, ಇದು ವಾರಂಟಿಯೊಳಗ ಬರೂದಿಲ್ಲರಿ. ಒಳಗ ನೀರು ಹೋಗೇತಿ.”

“ನೀರು ಯಾವಾಗ ಹೋತೋ ತಮ್ಮಾ? ನಾವ್ಯಾರೂ ಚೆಲ್ಲಿಲ್ಲಲ್ಲ?”

“ಕಂಪನಿಯಾವ್ರು ಹಂಗ ಹೇಳ್ಯಾರ್ರಿ. ಮದರ್‌ಬೋರ್ಡ್ ಹೊಸಾದು ಹಾಕಬೇಕು, ರೊಕ್ಕ ಆಕ್ಕೈತಿ.”

ಹೇಳುವ ಹುಡುಗ ತಿಂಗಳ ಸಂಬಳದವನು. ನಿರ್ಧಾರ ಅವನದಲ್ಲ. ಯಂತ್ರ ಬಿಚ್ಚಿದಾಗ ಕೊಂಡವರು ಅಲ್ಲಿರಲಿಲ್ಲ. ಒಳಗೆ ಕಂಡದ್ದು ತೇವದ ಗುರುತೋ, ಕರೆಂಟಿನ ಏರಿಳಿತದಿಂದ ಸುಟ್ಟ ಗುರುತೋ, ಮೊದಲಿನಿಂದಲೇ ಇದ್ದ ದೋಷವೋ ಹೇಳಬಲ್ಲವರು ಅದನ್ನು ಬಿಚ್ಚಿದವರು ಮಾತ್ರ.

ಗ್ರಾಹಕರ ಸಂಕಟದ ಬೇರು ಇರುವುದು ಇಲ್ಲಿಯೇ. ವಾರಂಟಿಯ ಚೀಟಿಯಲ್ಲಿ ಕೊಡುವ ಮಾತು ದೊಡ್ಡ ಅಕ್ಷರದಲ್ಲಿರುತ್ತದೆ. ಬಿದ್ದು ಒಡೆದದ್ದು, ದ್ರವ ಚೆಲ್ಲಿದ್ದು, ವೋಲ್ಟೇಜಿನ ಏರಿಳಿತ, ಹೊರಗಿನವರು ಬಿಚ್ಚಿದ್ದು ಇವೆಲ್ಲ ಸೇರವು ಎಂಬ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ. ಷರತ್ತು ಇರುವುದು ತಪ್ಪಲ್ಲ. ಚಹಾ ಚೆಲ್ಲಿದ ಯಂತ್ರವನ್ನು ಪುಕ್ಕಟೆ ರಿಪೇರಿ ಮಾಡಿಕೊಡಿ ಎನ್ನುವುದು ನ್ಯಾಯವೂ ಅಲ್ಲ. ಆದರೆ ದೋಷ ಯಾರದೆಂದು ತೀರ್ಮಾನಿಸುವವರು, ದೋಷ ತಯಾರಿಕೆಯದೆಂದಾದರೆ ಖರ್ಚು ಹೊರಬೇಕಾದ ಪಕ್ಷದವರೇ ಆಗಿರುತ್ತಾರೆ. “ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ” ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಒಬ್ಬರ ದೂರು, ಸಾವಿರಾರು ಜನರ ದೋಷ

ಕಂಪನಿ ಹೇಳಿದ್ದೆಲ್ಲ ಸುಳ್ಳೆಂದಾಗಲಿ, ಗ್ರಾಹಕರು ಹೇಳಿದ್ದೆಲ್ಲ ನಿಜವೆಂದಾಗಲಿ ಭಾವಿಸಬೇಕಿಲ್ಲ. ಆದರೆ ಬಳಸುವವರ ಕೈಯಲ್ಲಿ ಕೆಟ್ಟಂತೆ ಕಾಣುವುದು ಕಾರ್ಖಾನೆಯಲ್ಲಿಯೇ ಕೆಟ್ಟಿರಬಹುದು ಎಂಬುದಕ್ಕೆ ಲ್ಯಾಪ್‌ಟಾಪಿನ ಚರಿತ್ರೆಯೇ ಸಾಕ್ಷಿ.

2006ರ ಆಗಸ್ಟಿನಲ್ಲಿ ಡೆಲ್ ಕಂಪನಿ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸೋನಿ ಕಂಪನಿ ತಯಾರಿಸಿದ್ದ ಆ ಬ್ಯಾಟರಿಗಳು ಅತಿಯಾಗಿ ಕಾದು ಹೊತ್ತಿಕೊಳ್ಳುವ ಅಪಾಯವಿತ್ತು. ಅದೇ ತಿಂಗಳು ಆಪಲ್ ಕೂಡ ಸುಮಾರು 18 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು.

ಎರಡು ವರ್ಷಗಳ ನಂತರ ನಡೆದ ಸಂಗತಿ ಇನ್ನೂ ಬೋಧಪ್ರದ. ಲ್ಯಾಪ್‌ಟಾಪ್ ಪರದೆಗೆ ಚಿತ್ರ ಮೂಡಿಸುವ ಚಿಪ್ಪನ್ನು ತಯಾರಿಸುವ ಎನ್‌ವಿಡಿಯಾ ಕಂಪನಿ, ತನ್ನ ಕೆಲವು ಚಿಪ್ಪುಗಳನ್ನು ಕೂಡಿಸಲು ಬಳಸಿದ ವಸ್ತು ದುರ್ಬಲವಾಗಿದೆ ಎಂದು 2008ರ ಜುಲೈಯಲ್ಲಿ ಪ್ರಕಟಿಸಿ, ರಿಪೇರಿ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಯಂತ್ರ ಚಾಲೂ ಮಾಡಿದಾಗ ಚಿಪ್ಪು ಕಾಯುತ್ತದೆ, ಬಂದ್ ಮಾಡಿದಾಗ ತಣಿಯುತ್ತದೆ. ಹೀಗೆ ನೂರಾರು ಸಲ ಹಿಗ್ಗಿ ಕುಗ್ಗಿ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ, ಪರದೆ ಕಪ್ಪಾಗುತ್ತದೆ. ಇಂಥ ದೋಷ ಮೊದಲ ದಿನ ಕಾಣುವುದಿಲ್ಲ. ಅನೇಕ ಸಲ ವಾರಂಟಿ ಮುಗಿಯುವ ಹೊತ್ತಿಗೇ ಕಾಣುತ್ತದೆ. ಆ ಚಿಪ್ಪಿದ್ದ ಕೆಲವು ಮಾದರಿಗಳಿಗೆ ಡೆಲ್, ಎಚ್‌ಪಿ, ಆಪಲ್ ಕಂಪನಿಗಳು ವಾರಂಟಿಯ ಅವಧಿ ವಿಸ್ತರಿಸಿದವು. 2010ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಹೂಡಿದ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು.

ಆಪಲ್ ಕಂಪನಿ 2015ರಲ್ಲಿ ತಂದ ತೆಳು ಕೀಬೋರ್ಡಿನದೂ ಇಂಥದೇ ಕಥೆ. ಸ್ವಲ್ಪ ಧೂಳು ಸೇರಿದರೂ ಗುಂಡಿಗಳು ಕಚ್ಚಿಕೊಳ್ಳುತ್ತಿದ್ದವು. 2018ರಲ್ಲಿ ಕಂಪನಿಯೇ ಪುಕ್ಕಟೆ ರಿಪೇರಿಯ ಯೋಜನೆ ಘೋಷಿಸಿತು. 2022ರಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿ ಅಮೆರಿಕದ ಮೊಕದ್ದಮೆ ಮುಗಿಸಿಕೊಂಡಿತು.

ಒಬ್ಬೊಬ್ಬರೇ ಹೇಳಿದಾಗ “ನಿಮ್ಮ ಬಳಕೆಯ ತಪ್ಪು” ಎಂದೆನಿಸಿಕೊಂಡದ್ದು, ಸಾವಿರಾರು ಜನ ಹೇಳಿದಾಗ “ತಯಾರಿಕೆಯ ದೋಷ” ಆಗಬಲ್ಲದು. ಸಣ್ಣ ಊರಿನ ಗ್ರಾಹಕನ ಕಷ್ಟವೆಂದರೆ ತನ್ನಂತೆಯೇ ಇನ್ನೆಷ್ಟು ಜನರಿದ್ದಾರೆ ಎಂಬುದು ಅವನಿಗೆ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಕಂಪನಿಗೆ ಮಾತ್ರ.

ಬೆಂಗಳೂರಿನ ಎರಡು ಪ್ರಕರಣ

ಗ್ರಾಹಕರ ಆಯೋಗದ ಮುಂದೆ ಇಂಥ ತಕರಾರು ಹೋದರೆ ಏನಾಗುತ್ತದೆ? 2023ರಲ್ಲಿ ಬೆಂಗಳೂರಿನಿಂದ ವರದಿಯಾದ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಮೊದಲನೆಯದು ಲ್ಯಾಪ್‌ಟಾಪಿನದಲ್ಲ, ಅದರ ತಮ್ಮನಾದ ಮೊಬೈಲಿನದು. ಫ್ರೇಜರ್ ಟೌನಿನ ನಿವಾಸಿಯೊಬ್ಬರು 2021ರ ಅಕ್ಟೋಬರಿನಲ್ಲಿ ಒಂದು ವರ್ಷದ ವಾರಂಟಿಯೊಂದಿಗೆ ಐಫೋನ್ 13 ಕೊಂಡಿದ್ದರು. ವರ್ಷದೊಳಗೇ ಬ್ಯಾಟರಿ, ಸ್ಪೀಕರ್ ಕೈಕೊಟ್ಟವು. ಸೇವಾ ಕೇಂದ್ರದವರು ಸರಿಮಾಡಿದ್ದೇವೆ ಎಂದರು. ತರಲು ಹೋದಾಗ ಸರಿಯಾಗಿರಲಿಲ್ಲ. ಮತ್ತೆ ಇಟ್ಟುಕೊಂಡು, ಕೊನೆಗೆ ಫೋನಿನ ಜಾಲರಿಯಲ್ಲಿ ಅಂಟಿನಂಥ ಪದಾರ್ಥ ಸಿಕ್ಕಿದೆ, ಆದ್ದರಿಂದ ವಾರಂಟಿ ಅನ್ವಯಿಸದು, ಸುಮಾರು 30,000 ರೂ. ಕೊಡಬೇಕು ಎಂದರು. ಆಯೋಗ ಇದನ್ನು ಒಪ್ಪಲಿಲ್ಲ. ಫೋನಿನ ಬೆಲೆ 79,900 ರೂಪಾಯಿಯನ್ನು ಬಡ್ಡಿಯೊಂದಿಗೆ ಹಿಂದಿರುಗಿಸಿ, ಅದರ ಮೇಲೆ 20,000 ರೂ. ಪರಿಹಾರ ಕೊಡುವಂತೆ ಆದೇಶಿಸಿತು.

ಎರಡನೆಯದರಲ್ಲಿ ದೂರುದಾರರಿಗೆ ಸೋಲಾಯಿತು. ಒಂದೂಮುಕ್ಕಾಲು ಲಕ್ಷದ ಹತ್ತಿರದ ಬೆಲೆಯ ಮ್ಯಾಕ್‌ಬುಕ್ ಕೊಂಡಿದ್ದ ಮಹಿಳೆಯೊಬ್ಬರು, ಹೆಚ್ಚಿನ ರಕ್ಷಣೆಯ ಯೋಜನೆಗೂ ಪ್ರತ್ಯೇಕ ಹಣ ಕಟ್ಟಿದ್ದರು. ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿತು. ದ್ರವದಿಂದಾದ ಹಾನಿ ಯೋಜನೆಯಲ್ಲಿ ಸೇರಿಲ್ಲವೆಂಬ ಉತ್ತರ ಬಂತು. ಆಯೋಗವೂ ದೂರನ್ನು ತಳ್ಳಿಹಾಕಿತು.

ಕಾಫಿ ಚೆಲ್ಲಿದ್ದು ಅಲ್ಲಗಳೆಯಲಾಗದ ಸಂಗತಿ. ಅಂಟಿನ ಮಾತು ಸೇವಾ ಕೇಂದ್ರದವರು ತಡವಾಗಿ ತೆಗೆದ ವಾದ. ಆಯೋಗದ ಮುಂದೆ ನಿಲ್ಲುವುದು ಸಿಟ್ಟಲ್ಲ, ಪುರಾವೆ.

ಧಾರವಾಡಕ್ಕಲ್ಲ, ಬಾಗಲಕೋಟೆಗೆ

ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬುದು ಹಳೆಯ ವ್ಯಾಪಾರಧರ್ಮ. 1930ರ ಸರಕು ಮಾರಾಟ ಕಾಯ್ದೆಯಲ್ಲೂ ಅದಕ್ಕೆ ಸ್ಥಾನವಿದೆ. ಬೆಲ್ಲಕ್ಕೆ, ಸೀರೆಗೆ ಅದು ಒಪ್ಪುವ ಮಾತು. ಬಿಚ್ಚಿ ನೋಡಲಾಗದ ವಸ್ತುಗಳು ಪೇಟೆಗೆ ಬಂದ ಕಾಲದಲ್ಲಿ ಅದು ಸಾಲದಾಯಿತು. 1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆಯ ಕೆಳಗೆ ದೂರು ಕೊಡಬೇಕಾದದ್ದು ಮಾರಿದವರ ಊರಿನಲ್ಲಿ, ಇಲ್ಲವೆ ತಕರಾರು ಹುಟ್ಟಿದ ಊರಿನಲ್ಲಿ. ಕಂಪನಿಯ ಶಾಖೆ ಎಲ್ಲೋ ಒಂದು ಕಡೆ ಇದೆಯೆಂದ ಮಾತ್ರಕ್ಕೆ ಅಲ್ಲಿ ದೂರು ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಇನ್ನೂ ಬಿಗಿ ಮಾಡಿತು. ಮಹಾಲಿಂಗಪುರದವರು ಹುಬ್ಬಳ್ಳಿಯಲ್ಲಿ ಕೊಂಡು ಅಲ್ಲಿಯೇ ರಿಪೇರಿಗೆ ಕೊಟ್ಟಿದ್ದರೆ ಧಾರವಾಡಕ್ಕೆ ಅಲೆಯಬೇಕಿತ್ತು. ಐವತ್ತು ಸಾವಿರದ ವಸ್ತುವಿಗಾಗಿ ಅಷ್ಟು ಸಲ ಓಡಾಡುವವರಾರು?

2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆ ಈ ಒಂದು ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದೆ. ಗ್ರಾಹಕರು ತಾವು ವಾಸವಾಗಿರುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಸ್ತು ಹುಬ್ಬಳ್ಳಿಯದಾಗಲಿ, ಪುಣೆಯದಾಗಲಿ, ಅಂಚೆಯಲ್ಲಿ ತರಿಸಿದ್ದಾಗಲಿ, ಕಂಪನಿಯೇ ಬಾಗಲಕೋಟೆಗೆ ಬಂದು ಉತ್ತರ ಹೇಳಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿಯಮವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. 2020ರಲ್ಲಿ ಆರಂಭವಾದ ‘ಇ-ದಾಖಿಲ್’ ವ್ಯವಸ್ಥೆ ಮನೆಯಿಂದಲೇ ದೂರು ಸಲ್ಲಿಸುವ ದಾರಿ ತೆರೆಯಿತು. 2025ರ ಜನವರಿಯಿಂದ ಆ ಕೆಲಸಕ್ಕೆ ‘ಇ-ಜಾಗೃತಿ’ ಬಂದಿದೆ. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲೂ ಕಾಯ್ದೆಯಲ್ಲಿ ಅವಕಾಶವಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಮುಚ್ಚಿದ ಬಾಗಿಲ ಹಿಂದಿನ ತೀರ್ಪಿಗೆ ಕಾಯ್ದೆಯಲ್ಲಿ ಇರುವ ಉತ್ತರ. ಪರೀಕ್ಷೆಯಿಲ್ಲದೆ ದೋಷ ತಿಳಿಯದೆಂದು ಕಂಡರೆ ಆಯೋಗ ಆ ವಸ್ತುವನ್ನು ಮೂರನೆಯವರಾದ ಪ್ರಯೋಗಾಲಯಕ್ಕೆ ಕಳಿಸಬಹುದು. 45 ದಿನದಲ್ಲಿ ವರದಿ ಬರಬೇಕು. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕೆಂಬುದು ನಿಜ. ಆದರೂ ಬೆಲ್ಲದ ಪೆಂಟಿಯನ್ನು ಎಲ್ಲರೆದುರು ಮುರಿದು ನೋಡುವ ನ್ಯಾಯ ಇಲ್ಲಿ ಸ್ವಲ್ಪಮಟ್ಟಿಗೆ ಲ್ಯಾಪ್‌ಟಾಪಿಗೂ ಸಿಕ್ಕಿದಂತಾಯಿತು.

ಅಡಚಣೆಗಳೂ ಇವೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ಅನೇಕ ಕಡೆ ಪ್ರಕರಣಗಳು ಅದನ್ನು ಮೀರಿ ಎಳೆಯುತ್ತವೆ. ನಾಲ್ಕೈದು ವರ್ಷ ಬಾಳುವ ಯಂತ್ರಕ್ಕೆ ಎರಡು ವರ್ಷದ ವ್ಯಾಜ್ಯ ದುಬಾರಿಯೇ. ಇನ್ನು ಮೊದಲ ಸಲ ಕೆಟ್ಟಾಗಲೇ “ಹೊಸದೇ ಕೊಡಿ” ಎಂದರೆ ಸಿಗುವುದು ಕಷ್ಟ. ವಾರಂಟಿಯಲ್ಲಿ ಭಾಗ ಬದಲಿಸುವ ಮಾತಿದ್ದರೆ ಸಿಗಬೇಕಾದದ್ದು ಆ ಭಾಗವೇ ಎಂದು 2006ರಲ್ಲಿ ಮಾರುತಿ ಕಾರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅದೇ ದೋಷ ಮತ್ತೆ ಮತ್ತೆ ಬಂದದ್ದನ್ನು ತೋರಿಸಿಕೊಟ್ಟವರ ವಾದಕ್ಕೆ ಬಲ ಹೆಚ್ಚು.

ಕಾಗದವೇ ಸಾಕ್ಷಿ

ತೋರಿಸುವುದು ಹೇಗೆ? ಸರಿಯಾದ ಬಿಲ್ಲಿಲ್ಲದೆ ಕೊಳ್ಳಬಾರದು. ಬೆಲೆ ಸ್ವಲ್ಪ ಕಡಿಮೆಯಾಗುತ್ತದೆಂದು ಬಿಳಿ ಚೀಟಿಯ ಮೇಲೆ ಬರೆಸಿಕೊಂಡವರು ವಾರಂಟಿಯನ್ನೂ ಅಲ್ಲಿಯೇ ಬಿಟ್ಟು ಬಂದಂತೆ. ಸೇವಾ ಕೇಂದ್ರಕ್ಕೆ ಕೊಡುವಾಗ ಯಂತ್ರದ ನಾಲ್ಕೂ ಬದಿಯ ಫೋಟೋ ತೆಗೆದಿರಬೇಕು. ಅವರು ಕೊಡುವ ಜಾಬ್ ಶೀಟಿನಲ್ಲಿ ದೋಷ ಏನು, ಹೊರಮೈ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬರೆಸಿಯೇ ಸಹಿ ಹಾಕಬೇಕು. ವಾರಂಟಿ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ, ಒಳಗಿನ ಹಾನಿಯ ಫೋಟೋ ಸಮೇತ ಕೇಳಬೇಕು. ಬಾಯಿಮಾತಿನ “ನೀರು ಹೋಗೇತಿ” ಆಯೋಗದಲ್ಲಿ ನಿಲ್ಲುವುದಿಲ್ಲ; ಬಾಯಿಮಾತಿನ “ಚೆಲ್ಲಿಲ್ಲ” ಕೂಡ ಅಷ್ಟೇ. ಅವಸರಕ್ಕೆ ಊರಿನ ರಿಪೇರಿಯವರ ಕೈಯಲ್ಲಿ ಬಿಚ್ಚಿಸಿದರೆ ಕಂಪನಿಯ ಕೈಗೆ ನೆಪ ಕೊಟ್ಟಂತೆ. ಮೊದಲು 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟರೆ, ಆಯೋಗದ ಮೆಟ್ಟಿಲು ಹತ್ತದೆಯೂ ಕೆಲವು ತಕರಾರು ತೀರುತ್ತವೆ.

ಬೇರೆ ದೇಶಗಳಲ್ಲಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿದೆ. ಸೀಲು ಕಿತ್ತರೆ ವಾರಂಟಿ ರದ್ದು ಎಂದು ಚೀಟಿ ಅಂಟಿಸುತ್ತಿದ್ದ ಕಂಪನಿಗಳಿಗೆ ಅಮೆರಿಕದ ವ್ಯಾಪಾರ ಆಯೋಗ 2018ರಲ್ಲಿ ಎಚ್ಚರಿಕೆ ಕೊಟ್ಟಿತು. ಅದಕ್ಕೆ ಆಧಾರ 1975ರಷ್ಟು ಹಿಂದಿನ ಕಾಯ್ದೆ. ಯುರೋಪಿನ ಒಕ್ಕೂಟದಲ್ಲಿ ಕೊಂಡ ಮೊದಲ ವರ್ಷದೊಳಗೆ ಕಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ಮಾರಿದವರದು. ಭಾರತ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ರಿಪೇರಿಯ ಹಕ್ಕಿಗೆಂದು ಜಾಲತಾಣವನ್ನು ಆರಂಭಿಸಿತು. ಬಿಡಿಭಾಗ, ವಾರಂಟಿ, ಸೇವಾ ಕೇಂದ್ರಗಳ ವಿವರ ಒಂದೇ ಕಡೆ ಸಿಗಲೆಂಬುದು ಉದ್ದೇಶ. ಮಾಹಿತಿ ಬೇಕಾದದ್ದೇ. ಆದರೆ ಪುರಾವೆಯ ಹೊರೆ ಯಾರ ಹೆಗಲ ಮೇಲಿರಬೇಕೆಂಬ ಪ್ರಶ್ನೆಗೆ ಮಾಹಿತಿಯೊಂದೇ ಉತ್ತರವಾಗದು.

ಪೇಟೆಯಲ್ಲಿ ಬೆಲ್ಲ ಕೆಟ್ಟಿದೆಯೇ ಎಂದು ನೋಡುವಾಗ ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತಿರುತ್ತಾರೆ. ಯಂತ್ರವನ್ನು ಬಿಚ್ಚುವ ಮೇಜಿನ ಮುಂದೆಯೂ ಕೊಂಡವರಿಗೆ ಒಂದು ಕುರ್ಚಿ ಹಾಕಿಕೊಟ್ಟರೆ ಅರ್ಧ ತಕರಾರು ಅಲ್ಲಿಯೇ ಮುಗಿದೀತು. ಅಲ್ಲಿಯವರೆಗೆ ಬಿಲ್ಲು, ಜಾಬ್ ಶೀಟು, ಫೋಟೋ ಇವನ್ನು ಜೋಪಾನವಾಗಿಟ್ಟವರಿಗೆ ಮಾತ್ರ ಖಾತರಿ ಚೀಟಿ ಖಾತರಿ ಕೊಟ್ಟೀತು.